ಮೊಳೆಯದ ಬೀಜದ ಸಾಕ್ಷಿ

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಒಂದು ಸಂಜೆ, ಧಾರವಾಡದ ಹಾಸ್ಟೆಲಿನಲ್ಲಿ ಕೂತು ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯ ತಿದ್ದುತ್ತಿದ್ದಾಗ ಅಪ್ಪನ ಫೋನ್ ಬಂತು. "ಬೀಜ ಹುಟ್ಟಿಲ್ಲೋ ತಮ್ಮಾ, ಬಂದು ನೋಡು" ಅಂದ. ಅಷ್ಟೇ. ಮರುದಿನ ಮೊದಲ ಬಸ್ಸಿಗೆ ಊರಿಗೆ ಹೋದೆ. ನಾಲ್ಕು ಎಕರೆಗೆ ಸೋಯಾ ಬಿತ್ತಿ ಹನ್ನೊಂದು ದಿನವಾಗಿತ್ತು. ಪಕ್ಕದ ಹೊಲದಲ್ಲಿ ಎರಡೆಲೆ ಬಿಟ್ಟ ಸಾಲುಗಳು ನೇರಕ್ಕೆ ನಿಂತಿದ್ದವು. ನಮ್ಮ ಹೊಲ ಕಪ್ಪಗೆ ಖಾಲಿ ಇತ್ತು, ಅಲ್ಲೊಂದು ಇಲ್ಲೊಂದು ಸಸಿ ಬಿಟ್ಟರೆ. ಅಪ್ಪ ಕೂರಿಗೆ ಸಾಲಿನ ಮಣ್ಣನ್ನು ಬೆರಳಿನಿಂದ ಕೆದರಿ ಒಂದು ಕಾಳು ಎತ್ತಿ ನನ್ನ ಅಂಗೈ ಮೇಲೆ ಇಟ್ಟ. ನೀರು ಕುಡಿದು ಉಬ್ಬಿತ್ತು, ಒತ್ತಿದರೆ ಕೊಳೆತ ವಾಸನೆಯ ಲೋಳೆ ಬೆರಳಿಗೆ ಅಂಟಿತು.

ಆ ಬೀಜವನ್ನು ಕೊಂಡು ತಂದವನು ನಾನು. ಈ ಬರಹದ ಕಾರಣವೂ ಅದೇ.

ಅಂಗಡಿಗೆ ಹೋದೆವು. ಅಂಗಡಿಯವರು ಕೂರಿಸಿ ಚಹಾ ತರಿಸಿದರು. ಬಿತ್ತಿದ ಮೇಲೆ ಮಳೆ ಜೋರಾಯಿತು, ಮೇಲ್ಮಣ್ಣು ಗಟ್ಟಿಯಾಯಿತು, ನೀವು ಆಳಕ್ಕೆ ಬಿತ್ತಿರಬೇಕು ಅಂದರು. ಪಕ್ಕದ ಹೊಲಕ್ಕೂ ಅದೇ ಮಳೆ ಬಿದ್ದಿದೆಯಲ್ಲ ಅಂದೆ. ಅವರ ತಳಿ ಬೇರೆ ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, "ಅಂವಾ ಏನ್ ಬೀಜ ಮಾಡಿದ್ನೇನು? ಬಂದದ್ದು ಮಾರಿದಾ" ಅಂದ. ಹಾಗಾದರೆ ತಪ್ಪು ಯಾರದು? ಅಂಗಡಿಯವರ ಲೆಕ್ಕದಲ್ಲಿ ಮಳೆಯದು, ಅಪ್ಪನ ಲೆಕ್ಕದಲ್ಲಿ ಯಾರದೂ ಅಲ್ಲ. ನನ್ನ ಲೆಕ್ಕದಲ್ಲಿ ಅದು ಚೀಲದ ಮೇಲೆ ಹೆಸರು ಅಚ್ಚು ಹಾಕಿಸಿಕೊಂಡವರದು. ನಾನು ತತ್ತ್ವಶಾಸ್ತ್ರದ ವಿದ್ಯಾರ್ಥಿ. ನನ್ನ ಸಂಶೋಧನೆಯ ವಿಷಯ ವಾಗ್ದಾನ, ಅಂದರೆ ಮಾತು ಕೊಡುವುದು ಯಾಕೆ ನಮ್ಮನ್ನು ಕಟ್ಟಿಹಾಕುತ್ತದೆ ಎಂಬುದು. ಬೀಜದ ಚೀಲಕ್ಕೆ ಹೊಲಿದಿರುವ ಚೀಟಿಯೂ ಒಂದು ವಾಗ್ದಾನ ಎಂದು ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ಪ್ರಮಾಣಿತ ಸೋಯಾ ಬೀಜದಲ್ಲಿ ನೂರಕ್ಕೆ ಕನಿಷ್ಠ 70 ಕಾಳು ಮೊಳೆಯಬೇಕು ಎನ್ನುವುದು ಈ ದೇಶದ ಮಾನದಂಡ. ಅದನ್ನು ಅಪ್ಪನಿಗೆ ಹೇಳಿದಾಗ ಆತ ಹೊಲದ ಕಡೆ ನೋಡಿ ನಕ್ಕ.

ಆ ವಾರ ನಾನು ಕಾಂಟ್‌ನನ್ನು ಬದಿಗಿಟ್ಟು ಕಾಯ್ದೆ ಓದಿದೆ. ನಮ್ಮ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಅದಕ್ಕೇ ಆ ದಿನ ರಾಷ್ಟ್ರೀಯ ಗ್ರಾಹಕರ ದಿನ. ಅದರ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದು ಆರು ಹಕ್ಕುಗಳನ್ನು ಹೇಳುತ್ತದೆ: ಅಪಾಯಕಾರಿ ಸರಕಿನಿಂದ ರಕ್ಷಣೆ, ಸರಕಿನ ಬಗ್ಗೆ ಮಾಹಿತಿ, ಆಯ್ಕೆ, ನಮ್ಮ ಮಾತು ಕೇಳಿಸಿಕೊಳ್ಳುವವರು ಇರುವುದು, ಪರಿಹಾರ, ಗ್ರಾಹಕ ಶಿಕ್ಷಣ. ನಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸರಕಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ವಾದ ಮಾಡಬಹುದು. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದಿದ್ದರೆ ಮೂರು ತಿಂಗಳೊಳಗೆ, ಬೇಕಿದ್ದರೆ ಐದು ತಿಂಗಳೊಳಗೆ ತೀರ್ಮಾನ ಕೊಡಲು ಪ್ರಯತ್ನಿಸಬೇಕು ಎಂದಿದೆ. ಉದ್ರಿ ಕೊಂಡವನೂ ಗ್ರಾಹಕನೇ, ಯಾಕೆಂದರೆ ಬೆಲೆ ಕೊಟ್ಟಿರಬೇಕು ಅಥವಾ ಕೊಡುತ್ತೇನೆಂದು ಒಪ್ಪಿರಬೇಕು ಎಂದಷ್ಟೇ ಕಾಯ್ದೆಯ ಮಾತು. ಓದುತ್ತಾ ಹೋದಂತೆ, ಇದನ್ನು ಬರೆದವರು ನಮ್ಮಪ್ಪನಂಥವರನ್ನು ಎಲ್ಲೋ ನೋಡಿದ್ದಾರೆ ಅನ್ನಿಸಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೊಬೈಲ್ ಕೆಟ್ಟರೆ ಕೆಟ್ಟ ಮೊಬೈಲನ್ನು ಮೇಜಿನ ಮೇಲೆ ಇಡಬಹುದು. ಬೀಜ ಕೆಟ್ಟಿದೆ ಎಂದು ತಿಳಿಯುವುದು ಅದನ್ನು ಬಿತ್ತಿದ ಮೇಲೆ. ಬಿತ್ತಿದ ಮೇಲೆ ತೋರಿಸಲು ಬೀಜವೇ ಇರುವುದಿಲ್ಲ. ಆಂಧ್ರಪ್ರದೇಶದ ರೈತರ ಒಂದು ಪ್ರಕರಣದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೀಜ ಮಾರಿದ್ದು ಸರ್ಕಾರಿ ಒಡೆತನದ ರಾಷ್ಟ್ರೀಯ ಬೀಜ ನಿಗಮ. ಬೀಜಕ್ಕೆ 1966ರ ಪ್ರತ್ಯೇಕ ಕಾಯ್ದೆ ಇರುವಾಗ ಗ್ರಾಹಕ ಕಾಯ್ದೆಯಡಿ ಬರುವಂತಿಲ್ಲ ಎಂದು ನಿಗಮ ವಾದಿಸಿತು. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲವಲ್ಲ ಎಂದೂ ಹೇಳಿತು. 2012ರ ಜನವರಿಯಲ್ಲಿ ಬಂದ ತೀರ್ಪು ಎರಡನ್ನೂ ಒಪ್ಪಲಿಲ್ಲ. ಬಿತ್ತಲು ಕೊಂಡ ಬೀಜದಲ್ಲಿ ಒಂದು ಪಾಲನ್ನು ಮುಂದೆ ವ್ಯಾಜ್ಯವಾದೀತೆಂದು ರೈತ ಎತ್ತಿಟ್ಟುಕೊಳ್ಳಬೇಕೆಂದು ನಿರೀಕ್ಷಿಸಲಾಗದು ಎಂದು ಅದು ಹೇಳಿತು. ಅದೇ ಲಾಟಿನ ಬೀಜ ನಿಗಮದ ಬಳಿ ಇದ್ದಿದ್ದರೆ ಪರೀಕ್ಷೆಗೆ ಅದನ್ನೇ ಮುಂದಿಡಬಹುದಿತ್ತು. ಹೊಲ ನೋಡಿ ಬಂದ ತಜ್ಞರ ವರದಿಗಳೂ ಸಾಕ್ಷಿಯಾಗಿ ನಿಂತವು.

ಈ ತೀರ್ಪನ್ನು ನಾನು ಕಾನೂನಿನ ವಿದ್ಯಾರ್ಥಿಯಂತೆ ಓದಲಿಲ್ಲ, ಹಾಗೆ ಓದಲು ನನಗೆ ಬರುವುದೂ ಇಲ್ಲ. ನಾನು ಅದರಲ್ಲಿ ಕಂಡದ್ದು ಒಂದು ನೈತಿಕ ಲೆಕ್ಕ. ನಂಬಿ ಇಡೀ ಚೀಲ ಬಿತ್ತಿದವನ ಮೇಲೆ, ಅನುಮಾನಿಸಿ ಒಂದು ಹಿಡಿ ಇಟ್ಟುಕೊಳ್ಳಲಿಲ್ಲ ಎಂಬ ತಪ್ಪು ಹೊರಿಸಬಾರದು. ನಂಬಿದ್ದೇ ಅಪರಾಧವಾಗಬಾರದು.

ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ, ಹೇಳಬೇಕೇ ಬೇಡವೇ? ಈ ಜಗಳ ಹಳೆಯದು. ಕ್ರಿ.ಪೂ. 44ರಲ್ಲಿ ರೋಮ್‌ನ ಸಿಸೆರೊ ಕರ್ತವ್ಯಗಳ ಬಗ್ಗೆ ಒಂದು ಗ್ರಂಥ ಬರೆದ, ಅಥೆನ್ಸ್‌ನಲ್ಲಿ ಓದುತ್ತಿದ್ದ ತನ್ನ ಮಗನನ್ನು ಉದ್ದೇಶಿಸಿ. ಅದರ ಮೂರನೆಯ ಭಾಗದಲ್ಲಿ ಒಂದು ಕತೆ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯದ ಬೆಲೆ ಮುಗಿಲಿಗೇರಿದೆ. ಅಲೆಕ್ಸಾಂಡ್ರಿಯಾದಿಂದ ಒಬ್ಬ ಪ್ರಾಮಾಣಿಕ ವ್ಯಾಪಾರಿ ಹಡಗು ತುಂಬ ಧಾನ್ಯ ತಂದಿದ್ದಾನೆ. ದಾರಿಯಲ್ಲಿ ಬರುವಾಗ ಇನ್ನೂ ಹಲವು ಧಾನ್ಯದ ಹಡಗುಗಳು ಇತ್ತಲೇ ಬರುತ್ತಿರುವುದನ್ನು ಕಂಡಿದ್ದಾನೆ. ಊರವರಿಗೆ ಇದು ಗೊತ್ತಿಲ್ಲ. ಹೇಳಿದರೆ ಬೆಲೆ ಬೀಳುತ್ತದೆ, ಸುಮ್ಮನಿದ್ದರೆ ಲಾಭ. ಅವನು ಏನು ಮಾಡಬೇಕು?

ಇದಕ್ಕೆ ಇಬ್ಬರು ತತ್ತ್ವಜ್ಞಾನಿಗಳ ಉತ್ತರವನ್ನು ಸಿಸೆರೊ ಎದುರುಬದುರು ನಿಲ್ಲಿಸುತ್ತಾನೆ. ಬ್ಯಾಬಿಲೋನಿನ ಡಯೋಜೆನೀಸ್ ಗುರು. ಕಾನೂನು ಹೇಳು ಎಂದ ದೋಷವನ್ನು ಹೇಳಿ, ಮೋಸ ಮಾಡದೆ ಒಳ್ಳೆಯ ಬೆಲೆಗೆ ಮಾರುವುದು ತಪ್ಪಲ್ಲ, ಮುಚ್ಚಿಡುವುದು ಬೇರೆ, ಹೇಳದೆ ಸುಮ್ಮನಿರುವುದು ಬೇರೆ ಎನ್ನುತ್ತಾನೆ. ಆಂಟಿಪೇಟರ್ ಅವನ ಶಿಷ್ಯ. ಮನುಷ್ಯರ ನಡುವಿನ ಬಾಂಧವ್ಯ ನಿಜವಾದರೆ, ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು ಎಂಬುದು ಅವನ ನಿಲುವು. ಕೊನೆಗೆ ಸಿಸೆರೊ ಶಿಷ್ಯನ ಕಡೆಗೇ ವಾಲುತ್ತಾನೆ. ತನ್ನ ಲಾಭಕ್ಕಾಗಿ, ತಿಳಿಯಬೇಕಾದವರಿಗೆ ತಿಳಿಯದಿರಲಿ ಎಂದು ಬಯಸುವುದೇ ಮುಚ್ಚಿಡುವುದು ಎನ್ನುವುದು ಅವನ ತೀರ್ಮಾನ.

ಓದಿದಾಗ ನನಗೆ ಗುರುವಿನ ವಾದವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ ಅನ್ನಿಸಿತು. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಪ್ಪ ನಾಳೆ ದರ ಇಳಿಯಬಹುದೆಂಬ ತನ್ನ ಅಂದಾಜನ್ನು ಕೊಳ್ಳುವವರಿಗೆ ಹೇಳಿ ಮಾರುವುದಿಲ್ಲ. ಅದನ್ನು ನಾನು ಮೋಸ ಅನ್ನಲಾರೆ. ಆದರೆ ತೇವ ಕಟ್ಟಿದ ಕಾಯಿಯನ್ನು ಚೀಲದ ತಳಕ್ಕೆ ತುಂಬಿ ಮಾರಿದರೆ ಅದು ಮೋಸವೇ. ವ್ಯತ್ಯಾಸ ಎಲ್ಲಿದೆ? ನಾಳೆಯ ದರದ ಬಗ್ಗೆ ಕೊಳ್ಳುವವನೂ ಅಂದಾಜು ಮಾಡಬಲ್ಲ, ಬಹುಶಃ ಅಪ್ಪನಿಗಿಂತ ಚೆನ್ನಾಗಿಯೇ. ಚೀಲದ ತಳ ಅವನಿಗೆ ಕಾಣುವುದಿಲ್ಲ. ಆದ್ದರಿಂದ ನನ್ನ ಅಳತೆಗೋಲು ಇದು: ಕೊಳ್ಳುವವನು ಎಷ್ಟು ಜಾಣನಾದರೂ, ಎಷ್ಟು ಎಚ್ಚರವಾಗಿದ್ದರೂ ತಿಳಿಯಲಾಗದ್ದನ್ನು ಮಾರುವವನು ಹೇಳಲೇಬೇಕು. 'ಕೊಳ್ಳುವವನೇ ಎಚ್ಚರವಾಗಿರಲಿ' ಎಂಬ ಹಳೆಯ ಕಾನೂನಿನ ನುಡಿ ಎತ್ತಿನ ಸಂತೆಗೆ ಸರಿ. ಹಲ್ಲು ನೋಡಬಹುದು, ನಡೆಸಿ ನೋಡಬಹುದು. ಕಾಳಿನೊಳಗಿನ ಜೀವವನ್ನು ಯಾವ ರೈತ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಬಲ್ಲ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಸಣ್ಣ ನಿಯಮವಿದೆ. ಮಾರಿದ್ದನ್ನು, ಕೊಂಡದ್ದನ್ನು ರದ್ದು ಮಾಡಿಕೊಳ್ಳಲು ಅವಕಾಶ ಕೊಡುವ ನಿಯಮ. ವ್ಯಾಪಾರಿಗಳಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ. ಇದನ್ನು ತೋರಿಸಿ ಎಲ್ಲವೂ ನಮ್ಮಲ್ಲಿ ಆಗಲೇ ಇತ್ತು ಎನ್ನುವ ಹುಮ್ಮಸ್ಸು ನನಗಿಲ್ಲ. ಅದೇ ಗ್ರಂಥದ ದಂಡನೆಗಳನ್ನು ಓದಿದವರಿಗೆ ಆ ಹುಮ್ಮಸ್ಸು ಬರಲಾರದು. ಆದರೆ ಆ ರಾತ್ರಿಗಳ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಎಲ್ಲ ಕೊಳ್ಳುವವರೂ ಒಂದೇ ಅಲ್ಲ, ಒಬ್ಬೊಬ್ಬನ ಕೆಲಸಕ್ಕೆ ತಿಳಿವಳಿಕೆ ಬರುವ ಹೊತ್ತು ಬೇರೆ ಬೇರೆ ಎಂದು ನಾನು ಅದನ್ನು ಓದಿಕೊಂಡೆ. ಬೀಜ ತನ್ನ ನಿಜವನ್ನು ಹೇಳಲು ಮೂರು ರಾತ್ರಿ ಸಾಲದು, ವಾರ ಹತ್ತು ದಿನ ಬೇಕು. ಅಷ್ಟರಲ್ಲಿ ಮಣ್ಣಿನ ಹದ ಹೋಗಿರುತ್ತದೆ. ಆಯೋಗ ನಾಳೆಯೇ ತೀರ್ಪು ಕೊಟ್ಟು ಬೀಜದ ದುಡ್ಡು ಮರಳಿಸಿದರೂ ಮೃಗಶಿರ ಮಳೆಯನ್ನು ಯಾರು ಮರಳಿಸುತ್ತಾರೆ? ಪರಿಹಾರ ಎನ್ನುವ ಮಾತಿನ ಮಿತಿ ಅಲ್ಲಿದೆ. ಇನ್ನು ದಂಡದ ಮಾತು: 1966ರ ಬೀಜ ಕಾಯ್ದೆ ಮೊದಲ ಅಪರಾಧಕ್ಕೆ ಇಟ್ಟ ದಂಡ ಹೆಚ್ಚೆಂದರೆ 500 ರೂಪಾಯಿ.

ಇಲ್ಲಿಯವರೆಗೆ ನಾನು ಕೊಳ್ಳುವವನ ಪರವಾಗಿ ವಾದಿಸಿದೆ. ಆದರೆ 'ಗ್ರಾಹಕ' ಎಂಬ ಪದದ ಬಗ್ಗೆಯೇ ನನಗೊಂದು ತಕರಾರಿದೆ. ರೋಮ್‌ನ ಮಾರುಕಟ್ಟೆ ಅಧಿಕಾರಿಗಳು ಸರಕಿನ ದೋಷಗಳನ್ನು ಮಾರುವವನು ಮೊದಲೇ ಹೇಳಬೇಕೆಂದು ಶಾಸನ ಮಾಡಿದ್ದರು. ಕೊಳ್ಳುವವರ ರಕ್ಷಣೆಯ ಚರಿತ್ರೆ ಬರೆಯುವವರು ಅದನ್ನು ಹೆಮ್ಮೆಯಿಂದ ನೆನೆಯುತ್ತಾರೆ. ಆ ಶಾಸನ ಮಾತಾಡುತ್ತಿದ್ದದ್ದು ದನಕರುಗಳ ಬಗ್ಗೆ ಮತ್ತು ಗುಲಾಮರ ಬಗ್ಗೆ. ಈ ಗುಲಾಮನಿಗೆ ರೋಗವಿದೆಯೇ, ಓಡಿಹೋಗುವ ಚಾಳಿ ಇದೆಯೇ ಎಂದು ತಿಳಿಯುವುದು ಕೊಳ್ಳುವವನ ಹಕ್ಕಾಗಿತ್ತು. ಮಾರಾಟವಾಗುತ್ತಿದ್ದ ಮನುಷ್ಯನಿಗೆ ಅಲ್ಲಿ ಯಾವ ಹಕ್ಕು ಇತ್ತು? ದುಡ್ಡು ಕೊಟ್ಟವನನ್ನು ರಕ್ಷಿಸುವುದಕ್ಕೂ ನ್ಯಾಯಕ್ಕೂ ಸಂಬಂಧ ಇರಬಹುದು, ಆದರೆ ಅವೆರಡೂ ಒಂದೇ ಅಲ್ಲ.

ನಮ್ಮಲ್ಲೂ ಈ ಗೆರೆ ಎಲ್ಲೆಲ್ಲಿ ಬೀಳುತ್ತದೆ ನೋಡಿ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಹೇಳಿತು. ದೊಡ್ಡ ತೀರ್ಪು, ಅದರಿಂದ ಎಷ್ಟೋ ಜನಕ್ಕೆ ನ್ಯಾಯದ ಬಾಗಿಲು ತೆರೆಯಿತು. ಆದರೆ ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಅದರಿಂದ ಹೊರಗೆ ಉಳಿಯಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತವಾಗಿ ನೋಡುವ ಕಡೆ ಮಾತ್ರ ಉಚಿತ ರೋಗಿಯೂ ಗ್ರಾಹಕನೇ. 2010ರಲ್ಲಿ ಹರಿಯಾಣದ ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ವಿದ್ಯಾರ್ಥಿ ಗ್ರಾಹಕಳಲ್ಲ ಎಂದು ಅದೇ ಕೋರ್ಟ್ ಹೇಳಿತು. 2024ರ ಮೇ ತಿಂಗಳಲ್ಲಿ ವಕೀಲರ ಸೇವೆಯೂ ಈ ಕಾಯ್ದೆಯಡಿ ಬರುವುದಿಲ್ಲ ಎಂದಿತು. ಪ್ರತಿ ವರ್ಷ ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟಿ ರಸೀದಿ ಪಡೆಯುವ ನಾನು ಗ್ರಾಹಕನಲ್ಲ ಎನ್ನುವುದು ಮೊದಲು ನನಗೆ ತಮಾಷೆಯಾಗಿ ಕಂಡಿತು. ಆಮೇಲೆ ಯೋಚಿಸಿದೆ. ನನ್ನ ಮಾರ್ಗದರ್ಶಕರಿಗೆ ನಾನು ಗ್ರಾಹಕನಾಗಬೇಕೇ? ಅವರು ನನ್ನ ಅಧ್ಯಾಯಕ್ಕೆ ಕೆಂಪು ಗೆರೆ ಎಳೆದಾಗ 'ಸೇವಾ ನ್ಯೂನತೆ' ಎಂದು ದೂರು ಕೊಡಬಹುದೇ? ಬೇಡ. ಕೆಲವು ಸಂಬಂಧಗಳನ್ನು ಕೊಡುಕೊಳ್ಳುವ ಭಾಷೆಗೆ ತಂದ ಕೂಡಲೇ ಅವು ಹಾಳಾಗುತ್ತವೆ. ಆದರೆ ಆ ಭಾಷೆಯಿಂದ ಹೊರಗಿಟ್ಟ ಮಾತ್ರಕ್ಕೆ ಅಲ್ಲಿ ಅನ್ಯಾಯವೇ ಆಗುವುದಿಲ್ಲ ಎಂದೂ ಅರ್ಥವಲ್ಲ. ಉಚಿತ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮುದುಕಿಗೆ ಅಲಕ್ಷ್ಯದಿಂದ ಆಗುವ ನೋವು, ಹಣ ಕೊಟ್ಟವರ ನೋವಿಗಿಂತ ಹಗುರವೇ?

ಈ ಗಂಟನ್ನು ಬಿಡಿಸಲು ನನಗೆ ಸಹಾಯ ಮಾಡಿದ್ದು ಸ್ಕಾಟ್ಲೆಂಡಿನ ಒಂದು ಬಾಟಲಿ. 1928ರ ಆಗಸ್ಟ್‌ನಲ್ಲಿ ಪೇಸ್ಲಿ ಎಂಬ ಊರಿನ ಕೆಫೆಯೊಂದರಲ್ಲಿ ಡೊನಹ್ಯೂ ಎಂಬ ಹೆಣ್ಣುಮಗಳಿಗೆ ಗೆಳತಿಯೊಬ್ಬಳು ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಪ್ಪು, ಒಳಗೇನಿದೆ ಕಾಣುವಂತಿರಲಿಲ್ಲ. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಂತು, ತಾನು ಕಾಯಿಲೆ ಬಿದ್ದೆ ಎಂದು ಆಕೆಯ ದೂರು. ಆದರೆ ಆಕೆ ಅದನ್ನು ಕೊಂಡಿರಲಿಲ್ಲ. ದುಡ್ಡು ಕೊಟ್ಟವಳು ಗೆಳತಿ, ಮಾರಿದ್ದು ಕೆಫೆ. ತಯಾರಿಸಿದವನಿಗೂ ಆಕೆಗೂ ಯಾವ ಒಪ್ಪಂದವೂ ಇಲ್ಲ. 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮೂರು–ಎರಡರ ಬಹುಮತದಿಂದ ಆಕೆಯ ಪರ ನಿಂತಿತು. ನನ್ನ ಕೆಲಸದಿಂದ ಯಾರಿಗೆ ನೇರವಾಗಿ ತೊಂದರೆ ತಟ್ಟಬಹುದೋ, ಆ ಕೆಲಸ ಮಾಡುವಾಗ ಯಾರನ್ನು ನಾನು ನೆನೆಯಲೇಬೇಕೋ ಅವರೇ ಕಾನೂನಿನ ಕಣ್ಣಿನಲ್ಲಿ ನನ್ನ ನೆರೆಯವರು ಎಂಬ ಅರ್ಥದಲ್ಲಿ ಲಾರ್ಡ್ ಆಟ್ಕಿನ್ ವಿವರಿಸಿದರು. ತಮಾಷೆ ಎಂದರೆ, ತಯಾರಕ ನಡುವೆಯೇ ತೀರಿಕೊಂಡು ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಬಾಟಲಿಯಲ್ಲಿ ಹುಳು ನಿಜಕ್ಕೂ ಇತ್ತೇ ಎಂಬುದು ಸಾಬೀತಾಗಲೇ ಇಲ್ಲ. ಸಿಗದ ಹುಳುವಿನಿಂದ ಒಂದು ದೊಡ್ಡ ತತ್ತ್ವ ಹುಟ್ಟಿತು.

ಕಪ್ಪು ಬಾಟಲಿ, ಹೊಲಿಗೆ ಹಾಕಿದ ಚೀಲ. ನನಗೆ ಎರಡೂ ಒಂದೇ ಅನ್ನಿಸಿತು. ಕಾರ್ಖಾನೆಯಲ್ಲಿ ಚೀಲ ತುಂಬುವವರು ಯಾವ ರೈತ ಎಷ್ಟು ದುಡ್ಡು ಕೊಟ್ಟಾನು ಎಂದು ನೋಡಿ ತುಂಬುವುದಿಲ್ಲ. ಆದರೆ ಯಾರೋ ಒಬ್ಬರು ಇದನ್ನು ನಂಬಿ ಒಂದು ಮಳೆಯನ್ನು ಪಣಕ್ಕಿಡುತ್ತಾರೆ ಎಂದು ಅವರಿಗೆ ಗೊತ್ತು. ಋಣ ಹುಟ್ಟುವುದು ಆ ತಿಳಿವಳಿಕೆಯಿಂದ. ಕೊಟ್ಟ ಬೆಲೆ ಆಯೋಗದ ಬಾಗಿಲು ದಾಟಲು ಬೇಕಾದ ಟಿಕೆಟ್ ಇರಬಹುದು, ಹಕ್ಕಿನ ಬೇರು ಅದಲ್ಲ. ಇದು ನನ್ನ ನಿಲುವು.

ಇನ್ನು ಮುಚ್ಚಿಟ್ಟ ಮಾತಿಗೆ ಬರುತ್ತೇನೆ. ಮಾರುವವನು ಗೊತ್ತಿರುವುದನ್ನೆಲ್ಲ ಹೇಳಬೇಕು ಎಂದು ಇಷ್ಟು ಹೊತ್ತು ವಾದಿಸಿದ ನಾನು, ಬರೆಯುವವನಾಗಿ ಒಂದನ್ನು ಹೇಳದೆ ಉಳಿಸಿಕೊಂಡಿದ್ದೇನೆ.

ಬೀಜ ತರಲು ಹೋದ ದಿನ ಅಂಗಡಿಯಲ್ಲಿ ಎರಡು ಥರದ ಚೀಲಗಳಿದ್ದವು. ಎರಡರ ಮೇಲೂ ಒಂದೇ ಹೆಸರು, ಒಂದೇ ಚಿತ್ರ. "ಬಿಲ್ ಬೇಕಂದ್ರ ಇದು, ಬ್ಯಾಡಂದ್ರ ಅದು, ಚೀಲಕ್ಕ ನೂರು ಕಮ್ಮಿ" ಅಂದರು. ನಾಲ್ಕು ಚೀಲ ಬೇಕಿತ್ತು. ನಾನೂರು ರೂಪಾಯಿ ಉಳಿಯುತ್ತದೆ. ಎರಡಕ್ಕೂ ಏನು ಫರಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತೋ ಇಲ್ಲವೋ, ಆದರೆ ಕೇಳದಿರಲು ಕಾರಣ ನನಗೆ ಗೊತ್ತಿದೆ: ಉತ್ತರ ನನಗೆ ಬೇಕಿರಲಿಲ್ಲ. ಬಿಲ್ ಇಲ್ಲದ ಚೀಲ ಹೇರಿಸಿದೆ. ನಾನೂರರಲ್ಲಿ ಒಂದು ಪುಸ್ತಕ ಕೊಂಡೆ. ಅದು ನೀತಿಶಾಸ್ತ್ರದ ಪುಸ್ತಕ. ಕತೆಯಾಗಿ ಬರೆದರೆ ಇದು ಅತಿಯಾಯಿತು ಎಂದು ಯಾರೂ ನಂಬಲಿಕ್ಕಿಲ್ಲ.

ಬಿಲ್ ಇಲ್ಲದ್ದರಿಂದ ನಾನು ಗ್ರಾಹಕನಲ್ಲದೆ ಹೋಗುವುದಿಲ್ಲ. ಬಿಲ್ ಕೊಡದಿರುವುದನ್ನೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬೀಜ ಮಾರುವವರು ರಸೀದಿ ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶವೂ ಹೇಳುತ್ತದೆ. ಆದರೆ ಆ ಚೀಲ ಆ ಅಂಗಡಿಯದೇ, ಆ ಕಂಪನಿಯದೇ ಎಂದು ನಾನು ಯಾವ ಬಾಯಿಂದ ಹೇಳಲಿ? ಚೀಟಿಯನ್ನೂ ಚೀಲ ಬಿಚ್ಚುವಾಗ ಹರಿದು ಎಸೆದಿದ್ದೆವು. ಬೀಜ ಮಣ್ಣಾಯಿತು ಎನ್ನುವುದಕ್ಕೆ ಕೋರ್ಟು ದಾರಿ ಹುಡುಕಿಕೊಟ್ಟಿದೆ. ರಸೀದಿಯನ್ನು ನಾನೇ ಮಾರಿಕೊಂಡೆ ಎನ್ನುವುದಕ್ಕೆ ಯಾವ ಕೋರ್ಟಿನಲ್ಲಿ ದಾರಿ ಹುಡುಕಲಿ? ಸಿಸೆರೊನ ವ್ಯಾಪಾರಿಯ ಬಗ್ಗೆ ಎರಡು ಸಾವಿರ ವರ್ಷದಿಂದ ಚರ್ಚೆ ನಡೆದಿದೆ. ಬೇಕೆಂದೇ ತಿಳಿಯದವನಂತೆ ಇರುವ ಕೊಳ್ಳುವವನ ಬಗ್ಗೆ ಅಷ್ಟು ಚರ್ಚೆ ನನಗೆ ಸಿಗಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಒಳ್ಳೆಯ ಸರಕಿಗೂ ಕೆಟ್ಟ ಸರಕಿಗೂ ಕೊಳ್ಳುವವನಿಗೆ ವ್ಯತ್ಯಾಸ ಕಾಣದಿದ್ದರೆ ಅವನು ಎರಡಕ್ಕೂ ನಡುವಿನ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವುದು ಗಿಟ್ಟುವುದಿಲ್ಲ. ಹೀಗಾಗಿ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಜಾಗ ಖಾಲಿ ಮಾಡುತ್ತದೆ. ಮುಂದೆ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಲೆಕ್ಕದಲ್ಲಿ ಕೊಳ್ಳುವವನು ಪಾಪ, ತಿಳಿಯದವನು. ನಾನು ಮಾತ್ರ ನಾನೂರು ರೂಪಾಯಿಗೆ ತಿಳಿವಳಿಕೆಯನ್ನು ಕೈಯಾರೆ ಬಿಟ್ಟುಕೊಟ್ಟವನು. ನನ್ನಂಥವರು ಬಿಲ್ ಇಲ್ಲದ ಚೀಲ ಕೊಂಡಷ್ಟೂ, ಬಿಲ್ ಕೊಟ್ಟು ಸರಿಯಾದ ಬೀಜ ಮಾರುವವನು ಹಿಂದೆ ಸರಿಯುತ್ತಾನೆ. ಅದರ ಪೆಟ್ಟು ನನಗೊಬ್ಬನಿಗೆ ಬೀಳುವುದಿಲ್ಲ, ಮುಂದಿನ ಊರಿನ ಇನ್ನೊಬ್ಬ ರೈತನಿಗೆ ಬೀಳುತ್ತದೆ. ನೆರೆಯವರು ಎಂಬ ಮಾತು ಮಾರುವವನನ್ನು ಮಾತ್ರ ಕಟ್ಟುವುದಿಲ್ಲ, ಕೊಳ್ಳುವವನನ್ನೂ ಕಟ್ಟುತ್ತದೆ.

ಒಂದು ವರ್ಷ ಇದನ್ನು ಅಪ್ಪನಿಗೆ ಹೇಳಿರಲಿಲ್ಲ. ದೂರು ಕೊಡೋಣ ಎಂದು ಹಾರಾಡಿದ್ದೂ ನಾನೇ, ಆಮೇಲೆ ತಣ್ಣಗಾದದ್ದೂ ನಾನೇ. ಅಪ್ಪ ಮೊದಲಿನಿಂದಲೂ ಬೇಡ ಅಂದಿದ್ದ. "ಕೋರ್ಟಿಗೆ ಹೋದ್ರ ಮುಂದಿನ ವರ್ಷ ಗೊಬ್ಬರ ಉದ್ರಿ ಯಾರು ಕೊಡ್ತಾರ?" ಎಂಬುದು ಅವನ ಪ್ರಶ್ನೆ. ನಾನು ಅದನ್ನು ಅಂಜಿಕೆ ಅಂದುಕೊಂಡಿದ್ದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕೊನೆಗೂ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವ ತಲೆ ಎತ್ತಲಿಲ್ಲ. "ಗೊತ್ತಿತ್ತು. ರೊಕ್ಕದ ಲೆಕ್ಕ ಕೊಟ್ಟಾಗನ ಗೊತ್ತಾತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಾ ಹೋಗಿದ್ರೂ ಅದನ್ನ ತರತಿದ್ದೆ" ಅಂದ.

ಆ ಎರಡನೆಯ ಮಾತು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ನಿಜವನ್ನೇ ಹೇಳಿದ್ದೋ ತಿಳಿಯಲಿಲ್ಲ. ನಿಜವಾದರೆ ನನ್ನ ವಾದಕ್ಕೆ ಇನ್ನೊಂದು ತಿದ್ದುಪಡಿ ಬೇಕಾಗುತ್ತದೆ. ನಾನೂರು ರೂಪಾಯಿ ನನಗೆ ಒಂದು ಪುಸ್ತಕ, ಅಪ್ಪನಿಗೆ ಕಳೆ ತೆಗೆಯುವ ಆಳಿನ ಕೂಲಿ. ಹಕ್ಕನ್ನು ಬಿಟ್ಟುಕೊಟ್ಟರು ಎಂದು ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯಲಾಗದು. ಆಯ್ಕೆ ನನಗೆ ಇತ್ತು. ಅಪ್ಪನಿಗೆ ಇದ್ದದ್ದನ್ನು ಆಯ್ಕೆ ಎಂದು ಕರೆಯಬಹುದೇ ಎಂದು ನನಗೆ ಸಂಶಯ. ಆಯ್ಕೆಯ ಹಕ್ಕು ಆ ಆರರಲ್ಲಿ ಒಂದು. ಬಿಲ್ಲಿನ ಚೀಲವೂ ಇಲ್ಲದ ಚೀಲವೂ ಎದುರಿಗೆ ಇದ್ದರೆ ಆಯ್ಕೆ ಇದ್ದಂತೆ ಕಾಣುತ್ತದೆ. ಉದ್ರಿ ಕೊಡುವವನ ಅಂಗಡಿಯ ಮುಂದೆ ಕೈಯಲ್ಲಿ ಎಣಿಸಿದ ದುಡ್ಡು ಹಿಡಿದು ನಿಂತಾಗ ಮಾತ್ರ ಅದು ಎಷ್ಟು ತೆಳ್ಳಗಿದೆ ಎಂದು ಗೊತ್ತಾಗುತ್ತದೆ. ಅದಕ್ಕಾಗಿಯೇ ಕೆಲವು ಹಕ್ಕುಗಳನ್ನು ಅವುಗಳ ಒಡೆಯನೇ ಮಾರಿಕೊಳ್ಳಲು ಬಾರದಂತೆ ಕಾನೂನು ಕಾಯಬೇಕು. ಬಿಲ್ ಕೇಳಿದವನಿಗೆ ಕೊಡಬೇಕಾದ ಚೀಟಿಯಲ್ಲ, ಕೇಳದವನಿಗೂ ಕೊಡಬೇಕಾದ ಚೀಟಿ. ಇಷ್ಟು ಸರಳ ಮಾತಿಗೆ ಬರಲು ನನಗೆ ಒಂದು ಹಂಗಾಮು ಬೇಕಾಯಿತು.

ಈ ವರ್ಷ ಬೀಜ ತರಲು ಇಬ್ಬರೂ ಹೋದೆವು. ಅದೇ ಅಂಗಡಿ. ಬಿಲ್ ಕೇಳಿದೆ. ಅಂಗಡಿಯವರು ಒಮ್ಮೆ ಅಪ್ಪನ ಮುಖ ನೋಡಿ, ಆಮೇಲೆ ಏನೂ ಅನ್ನದೆ ಬಿಲ್ ಪುಸ್ತಕ ತೆಗೆದು ಲಾಟ್ ನಂಬರ್ ಸಮೇತ ಬರೆದುಕೊಟ್ಟರು. ಉದ್ರಿಯೂ ನಿಲ್ಲಲಿಲ್ಲ. ಮನೆಗೆ ಬಂದು ಚೀಲದ ಚೀಟಿಯನ್ನು ಬಿಲ್ಲಿನ ಜೊತೆ ಸೇರಿಸಿ ದೇವರ ಗೂಡಿನಲ್ಲಿ ಇಟ್ಟೆ. ಅವ್ವ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೀರು ಚಿಮುಕಿಸುತ್ತಾ ಬಂದಳು. ಏಳನೆಯ ದಿನ ಬಿಚ್ಚಿ ಪಡಸಾಲೆಯಲ್ಲಿ ಹರಡಿದೆವು. ಬಿಳಿ ಬಾಲ ಬಿಟ್ಟ ಕಾಳುಗಳನ್ನು ಒಂದು ಕಡೆ, ಸತ್ತವನ್ನು ಒಂದು ಕಡೆ ಸರಿಸಿದಳು. ಎಪ್ಪತ್ತೆಂಟು.

"ಪಾಸಾತು" ಅಂದೆ. ಎಪ್ಪತ್ತಕ್ಕೆ ಪಾಸು, ಕಾಯ್ದೆ ಹಾಗೆ ಹೇಳುತ್ತದೆ ಎಂದು ವಿವರಿಸಿದೆ. ಅವ್ವ ಆ ಕಡೆ ಸರಿಸಿಟ್ಟ ಕಾಳುಗಳನ್ನು ಬೊಗಸೆಗೆ ಬಳಿದುಕೊಂಡು ಎದ್ದಳು.

"ಈ ಇಪ್ಪತ್ತೆರಡರ ರೊಕ್ಕ ಯಾರು ಕೊಡ್ತಾರ?"